ಎಣ್ಣೆ ವ್ಯಾಪಾರಿಯ ಹೆಂಡತಿ

"ಗುರುಗಳೇ, ಕೈ ಎತ್ತದ, ಬೈಯದ ಗಂಡನ ಮನೆಯಲ್ಲೂ ಹೆಣ್ಣೊಬ್ಬಳು ಸೊರಗಿ ಹೋಗಬಹುದೇ?" ಎಂದು ಶಿಷ್ಯ ಸಿದ್ಧವೀರ ಕೇಳಿದ. ತಂಗಿಯ ಮನೆಗೆ ಹೋಗಿದ್ದವನು ಅಂದೇ ಮಠಕ್ಕೆ ಹಿಂತಿರುಗಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನ ಹೆಂಡತಿಯ ಹೆಸರು ಹೊನ್ನವ್ವ. ಮದುವೆ ಮನೆಗಳಲ್ಲಿ ಸೋಬಾನೆ ಹಾಡಲು ಅವಳನ್ನೇ ಕರೆಯುತ್ತಿದ್ದರು. ಗಂಡನಿಗೆ ಅವಳೆಂದರೆ ಪ್ರಾಣ ಎಂದು ಊರವರು ಹೇಳುತ್ತಿದ್ದರು. ಹೊನ್ನವ್ವನೂ ಹಾಗೆಯೇ ನಂಬಿದ್ದಳು.

"ಕಂಡವರ ಮನೆಯಲ್ಲಿ ಹಾಡಿ ಗಂಟಲು ಯಾಕೆ ಹಾಳು ಮಾಡಿಕೊಳ್ಳುತ್ತೀಯೆ? ನನಗೊಬ್ಬನಿಗೆ ಹಾಡು, ಸಾಕು," ಎಂದ ಅವನು ಮೊದಲ ವರ್ಷ. ಅವಳಿಗೆ ಹಿತವೆನಿಸಿತು. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಳು. ಆಮೇಲೆ, ನೆರೆಮನೆಯವಳು ನಿನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾಳೆ ಎಂದ. ನೆರೆಯವಳೊಡನೆ ಮಾತು ನಿಂತಿತು. ಹೊನ್ನವ್ವನ ಅಕ್ಕ ಬಂದುಹೋದ ದಿನ ಅವನು ಊಟ ಮಾಡಲಿಲ್ಲ. ಯಾಕೆಂದು ಹೇಳಲೂ ಇಲ್ಲ. ಮಾರನೆಯ ದಿನವೂ ಮುಖ ತಿರುಗಿಸಿಕೊಂಡೇ ಇದ್ದ. ಹೊನ್ನವ್ವ ಇನ್ನು ಬರಬೇಡವೆಂದು ಅಕ್ಕನಿಗೆ ಹೇಳಿ ಕಳುಹಿಸಿದಳು. ಅದು ತಿಳಿದ ಮೇಲೆ ಅವನು ಅವಳಿಗೊಂದು ಹೊಸ ಸೀರೆ ತಂದ.

ತಪ್ಪು ಎಲ್ಲಿದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಬಾವಿಯಿಂದ ಬರುವುದು ತಡವಾದರೆ, "ಯಾರ ಜೊತೆ ಇದ್ದೆ?" ಎಂದು ಅವನು ನಗುತ್ತಲೇ ಕೇಳುತ್ತಿದ್ದ. ನಗುತ್ತಿದ್ದಾನಲ್ಲ ಎಂದುಕೊಂಡರೂ ಮರುದಿನದಿಂದ ಅವಳು ಓಡೋಡಿ ಬರತೊಡಗಿದಳು. ಬಾಗಿಲು ಹಾಕಿಯೇ ಹೋಗಿದ್ದೆ ಎಂದು ಅವಳು ಹೇಳಿದರೆ, ತೆರೆದೇ ಇತ್ತು ಎನ್ನುತ್ತಿದ್ದ. ಅವಳು ಆಡಿದ ಮಾತನ್ನು ಆಡಲೇ ಇಲ್ಲ ಎನ್ನುತ್ತಿದ್ದ. "ನಿನಗೆ ಮರೆವು ಜಾಸ್ತಿ. ನಾನಿಲ್ಲದಿದ್ದರೆ ನಿನ್ನ ಗತಿ ಏನು?" ಎಂದು ತಲೆ ಸವರುತ್ತಿದ್ದ. ಇರಬಹುದು, ನನಗೇ ಏನೋ ಆಗಿದೆ ಎಂದು ಅವಳು ಅಂದುಕೊಂಡಳು. ಹೊಡೆದಿದ್ದರೆ ತೋರಿಸಲು ಗಾಯವಾದರೂ ಇರುತ್ತಿತ್ತು. ಹೊಸ ಸೀರೆ ಉಟ್ಟುಕೊಂಡು ಯಾರ ಬಳಿ ಏನೆಂದು ದೂರುವುದು?

ಒಂದು ಮಧ್ಯಾಹ್ನ, ಬರಬೇಡವೆಂದಿದ್ದರೂ ಅಕ್ಕ ಬಂದಳು. ವ್ಯಾಪಾರಿ ಅಂಗಡಿಯಲ್ಲಿದ್ದ.

"ಒಳಗೆ ಬರಲೇನೆ?" ಎಂದಳು ಅಕ್ಕ.

ಹೊನ್ನವ್ವ ಬಾಗಿಲು ಹಿಡಿದು ನಿಂತಳು. "ಇರು ಅಕ್ಕಾ. ಅವರು ಬರಲಿ, ಕೇಳಿ ಹೇಳುತ್ತೇನೆ."

ಅಕ್ಕ ಬಿಸಿಲು ಬಿದ್ದ ಜಗಲಿಯ ಮೇಲೆ ಕುಳಿತಳು. ಬೈಯಲಿಲ್ಲ, ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ನಿನ್ನ ಗಂಡನಿಗೆ ನೀನು 'ಬೇಡ' ಅಂದದ್ದು ಯಾವಾಗ? ಅಂದಾಗ ಏನಾಯಿತು?"

ಹೊನ್ನವ್ವನಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಇದೂ ತನ್ನ ಮರೆವೇ ಇರಬೇಕೆಂದು ಗಾಬರಿಯಾಯಿತು. ಅಕ್ಕ ಎದ್ದು ಹೊರಟಳು. "ಈಗಲೇ ಬಾ ಎನ್ನುವುದಿಲ್ಲ. ಬಂದ ದಿನ ಯಾಕೆ ಬಂದೆ ಎಂದೂ ಕೇಳುವುದಿಲ್ಲ," ಎಂದಳು.

ಅಕ್ಕ ಬಂದಿದ್ದಳೆಂದು ಹೊನ್ನವ್ವ ಗಂಡನಿಗೆ ಹೇಳಲಿಲ್ಲ. ಬಹಳ ಕಾಲದ ಮೇಲೆ ಅವಳದೆಂದು ಉಳಿದ ಸಂಗತಿ ಅದೊಂದೇ.

ಮಳೆಗಾಲ ಕಳೆದ ಮೇಲೆ, ಗಂಡ ಸಂತೆಗೆ ಹೋಗಿದ್ದಾಗ, ಅವಳು ಉಟ್ಟ ಸೀರೆಯಲ್ಲೇ ಅಕ್ಕನ ಮನೆಗೆ ಹೊರಟಳು. ಮಾಡುತ್ತಿರುವುದು ಸರಿಯೋ ತಪ್ಪೋ ತಿಳಿಯಲಿಲ್ಲ. ಅರ್ಧ ದಾರಿಯಿಂದ ಮನೆಯ ಕಡೆ ತಿರುಗಿದಳು. ಊರು ಕಾಣುತ್ತಲೇ ನಿಂತು, ಮತ್ತೆ ಅಕ್ಕನ ಊರಿನತ್ತ ನಡೆದಳು.

ವ್ಯಾಪಾರಿ ಹುಡುಕಿಕೊಂಡು ಬಂದ. ಅವನ ಕಣ್ಣಲ್ಲಿ ನೀರಿತ್ತು. "ನೀನಿಲ್ಲದ ಮನೆ ಮನೆಯೇ ಅಲ್ಲ. ಬಾ," ಎಂದ. ಹೊನ್ನವ್ವನ ಮನಸ್ಸು ಕರಗಿತು. ಹೊರಡಲು ಎದ್ದವಳು ಅಕ್ಕ ಕೇಳಿದ್ದನ್ನು ನೆನೆದು, "ಇವತ್ತು ಬೇಡ. ನಾನು ಬರುವುದಿಲ್ಲ," ಎಂದಳು.

ಅವನ ಅಳು ಅಲ್ಲಿಗೇ ನಿಂತಿತು. "ಇದನ್ನು ಯಾರು ಹೇಳಿಕೊಟ್ಟರು ನಿನಗೆ?" ಎಂದ.

ಆ ದನಿಯ ಗುರುತು ಅವಳಿಗೆ ಸಿಕ್ಕಿತು. ಇಷ್ಟು ವರ್ಷ ಬೆದರಿದ್ದು ಆ ದನಿಗೆ. ಅದು ಏಳದಂತೆ ನೋಡಿಕೊಳ್ಳುವುದನ್ನೇ ಅವಳು ಸಂಸಾರವೆಂದು ತಿಳಿದಿದ್ದಳು. ಅಕ್ಕನ ಮನೆಯವರೆಲ್ಲ ಹೊರಗೆ ಬಂದು ಅವಳ ಪಕ್ಕ ನಿಂತರು. ವ್ಯಾಪಾರಿ ಹೊರಟು ಹೋದ.

ಹೊನ್ನವ್ವ ಅಲ್ಲಿಯೇ ಉಳಿದಳು. ಗೊಂದಲವೇನೂ ಅಂದೇ ಹರಿಯಲಿಲ್ಲ. ಇವತ್ತು ಏನು ಅಡುಗೆ ಮಾಡೋಣ ಎಂದು ಅಕ್ಕ ಕೇಳಿದರೆ ಹೆದರಿ ಅವಳ ಮುಖ ನೋಡುತ್ತಿದ್ದಳು. ಉತ್ತರ ಬರುವವರೆಗೂ ಅಕ್ಕ ಒಲೆ ಹಚ್ಚದೆ ಕಾಯುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧವೀರ ಎದ್ದು ನಿಂತ.

"ತಿಳಿಯಿತು ಗುರುಗಳೇ. ನಾಳೆಯೇ ಹೋಗಿ ನನ್ನ ತಂಗಿಯನ್ನು ಕರೆತರುತ್ತೇನೆ. ಅವಳು ಒಲ್ಲೆ ಎಂದರೂ ಬಿಡುವುದಿಲ್ಲ."

"ಹಾಗಾದರೆ ಅವಳಿಗೆ ಯಜಮಾನರು ಇಬ್ಬರಾದರು," ಎಂದರು ಗುರುಗಳು.

ಎದ್ದವನು ಮತ್ತೆ ಕುಳಿತುಕೊಂಡ.