ಅಪ್ಪನ ಕಾಲಿನ ಅಳತೆ

ಶಿಷ್ಯೆ ನೀಲಾಂಬಿಕೆ ಕೇಳಿದಳು: "ಗುರುಗಳೇ, ಗ್ರಂಥಾಲಯಗಳ ವೆಬ್‌ಸೈಟಿಗೆಂದು ನಾನೊಂದು ಮಾಡ್ಯೂಲ್, ಅಂದರೆ ಸೈಟಿಗೆ ಜೋಡಿಸಿಕೊಳ್ಳುವ ತಂತ್ರಾಂಶದ ತುಣುಕು, ಬರೆದಿದ್ದೇನೆ. ಹಾಕಿಕೊಂಡವರಿಗೆ ಕಷ್ಟವಾಗಬಾರದೆಂದು ನಮ್ಮ ಗ್ರಂಥಾಲಯದ ಸೈಟಿನ ಸೆಟ್ಟಿಂಗ್‌ಗಳನ್ನೆಲ್ಲ ಅದರೊಳಗೇ ಕಟ್ಟಿಟ್ಟಿದ್ದೇನೆ. ಪುಟ ಹೇಗಿರಬೇಕು, ಯಾವ ಪಟ್ಟಿ ಮೊದಲು ಬರಬೇಕು, ಯಾರು ಏನನ್ನು ತಿದ್ದಬಹುದು, ಎಲ್ಲವೂ ಇದೆ. ಇದರಲ್ಲಿ ತಪ್ಪೇನಾದರೂ ಉಂಟೇ?"

ಗುರುಗಳು ನಕ್ಕರು. "ಕಟ್ಟಿಟ್ಟದ್ದು ಒಳ್ಳೆಯದೇ. ಒಂದು ಕತೆ ಹೇಳುತ್ತೇನೆ, ಕೇಳು" ಎಂದರು.

ಒಬ್ಬ ನೇಕಾರನಿದ್ದ. ಮಗಳು ಮದುವೆಯಾಗಿ ಹೋದ ಊರಲ್ಲೂ ನೇಯಲಿ ಎಂದು ಅವಳಿಗೊಂದು ಗುಂಡಿ ಮಗ್ಗ ಮಾಡಿಸಿಕೊಟ್ಟ. ನೇಯುವವರು ಗುಂಡಿಯೊಳಗೆ ಕಾಲು ಇಳಿಬಿಟ್ಟು, ಹಗ್ಗದಲ್ಲಿ ತೂಗುವ ಹಲಗೆಗಳನ್ನು ತುಳಿಯುವ ಮಗ್ಗ ಅದು. ಬರೀ ಮರ ಕಳಿಸಿದರೆ ಎಳೆ ಪೋಣಿಸುವುದರಲ್ಲೇ ಮಗಳು ಸೋತುಹೋಗುತ್ತಾಳೆ ಎಂದು ತಾನೇ ಅಲ್ಲಿಗೆ ಹೋದ. ಸಾವಿರಾರು ಎಳೆಗಳನ್ನು ಒಂದೊಂದಾಗಿ ಪೋಣಿಸಿದ. ಹಲಗೆಗಳ ಹಗ್ಗವನ್ನೂ ಬಿಗಿದು ಕಟ್ಟಿದ. ಆಮೇಲೆ ತಾನೇ ಕೂತು ತುಳಿದು ನೋಡಿದ. ಎಲ್ಲ ಸರಿಯಾಗಿತ್ತು. ಸರಿಯಿರದೆ ಏನು, ಅಳತೆ ಅವನ ಕಾಲಿನದೇ ತಾನೇ! ನೆಮ್ಮದಿಯಿಂದ ಊರಿಗೆ ಮರಳಿದ.

ಮೂರು ತಿಂಗಳ ಮೇಲೆ ಮಗಳನ್ನು ನೋಡಲು ಬಂದ. ಅವಳು ನೋಯುವ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು, ಗುಂಡಿಯ ಅಂಚಿಗೆ ಜಾರಿ ಕೂತು, ಹೆಬ್ಬೆರಳ ತುದಿಯಿಂದ ಹಲಗೆ ತುಳಿಯುತ್ತಿದ್ದಳು. ಸೀರೆಯ ಅಂಚು ಸೊಟ್ಟಗಾಗಿತ್ತು. ಮೊದಲೆಲ್ಲ ಅಷ್ಟು ಚೆನ್ನಾಗಿ ನೇಯುತ್ತಿದ್ದ ಹುಡುಗಿಯ ಸೀರೆಯನ್ನು ಕೊಳ್ಳುವವರು ತಿರುಗಿಸಿ ಕಳಿಸತೊಡಗಿದ್ದರು.

"ಏನವ್ವಾ ಇದು?"

"ಹಲಗಿ ಕಾಲಿಗೆ ಸಿಗೂದಿಲ್ಲ, ಅಪ್ಪಾ."

"ಹಗ್ಗ ಬಿಚ್ಚಿ ಮ್ಯಾಲೆ ಕಟ್ಕೋಬಾರದೇನು?"

"ನೀ ಅಷ್ಟು ಪ್ರೀತೀಲೆ ಕಟ್ಟಿದ್ದು. ಹೆಂಗ ಬಿಚ್ಚಲಿ?"

ಮಗಳು ಎಂದಿನಿಂದಲೂ ತನಗಿಂತ ಗಿಡ್ಡ. ಎತ್ತಿ ಆಡಿಸಿದ ಮಗುವಿನ ಎತ್ತರ ಮರೆತೆನಲ್ಲ ಎಂದು ನೇಕಾರನಿಗೆ ಬಹಳ ನೋವಾಯಿತು. ಅವನು ಗುಂಡಿಗಿಳಿದ. ಪೋಣಿಸಿದ ಎಳೆಗಳನ್ನು ಮುಟ್ಟಲಿಲ್ಲ. ಅವು ಯಾರು ಕೂತರೂ ಹಾಗೆಯೇ ಇರಬೇಕಾದವು. ಹಲಗೆಯ ಗಂಟುಗಳನ್ನು ಮಾತ್ರ ಬಿಚ್ಚಿದ. ತಿರುಗಿ ಕಟ್ಟಲು ಕೈ ಮುಂದಾಯಿತು, ತಡೆದುಕೊಂಡ. ಹಗ್ಗದ ತುದಿಗಳನ್ನು ಮಗಳ ಕೈಗೆ ಕೊಟ್ಟ.

"ನಿನ್ನ ಕಾಲಿಗೆ ಹೆಂಗ ಬೇಕೋ ಹಂಗ ನೀನ ಕಟ್ಕೋ ಅವ್ವಾ."

ಕತೆ ಮುಗಿಯಿತು. ನೀಲಾಂಬಿಕೆಗೆ ಒಳಗೊಳಗೇ ಅಳುಕಾಗಿತ್ತು. ಆದರೂ ತನ್ನ ಕೆಲಸವನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ಆದರೆ ಗುರುಗಳೇ, ಹನ್ನೊಂದು ಗ್ರಂಥಾಲಯದವರು ನನ್ನ ಮಾಡ್ಯೂಲನ್ನು ಆಗಲೇ ಹಾಕಿಕೊಂಡಿದ್ದಾರೆ. ಇಲ್ಲಿಯವರೆಗೆ ಒಬ್ಬರೂ ದೂರು ಹೇಳಿಲ್ಲ."

ಗುರುಗಳು ಮೆಲ್ಲಗೆ ಅಂದರು: "ಆ ಮಗಳೂ ಹೇಳಿರಲಿಲ್ಲ."