ಗಾಜಿನ ತಟ್ಟೆಯ ಉಪಚಾರ

ಮಣ್ಣಿನಲ್ಲಿ ತುತ್ತಿಗಾಗಿ ನೆರೆಯವರೊಡನೆ ಕಾದಾಡುತ್ತ, ಅವರನ್ನು ಕೊಲ್ಲುವ ಮದ್ದು ಅರೆಯುತ್ತಿದ್ದ ಬ್ಯಾಕ್ಟೀರಿಯವೊಂದನ್ನು ಪ್ರಯೋಗಾಲಯದ ಗಾಜಿನ ತಟ್ಟೆಗೆ ತಂದು ಬಿಟ್ಟರು. ಆ ಮದ್ದಿನಿಂದಲೇ ರೋಗಿಗಳಿಗೆ ಔಷಧವಾಗಬೇಕಿತ್ತು.

"ಮಹಾಶಯರೇ, ಮೊದಲು ಊಟ, ಆಮೇಲೆ ಮದ್ದು" ಎಂದು ತಟ್ಟೆ ಸಕ್ಕರೆಪಾಕ ಬಡಿಸಿತು. ಬ್ಯಾಕ್ಟೀರಿಯ ಗಡದ್ದಾಗಿ ಉಂಡು ಮೈ ಬೆಳೆಸಿತು. ಮದ್ದಿನ ಸುದ್ದಿಯನ್ನೇ ಎತ್ತಲಿಲ್ಲ.

"ನನ್ನ ಉಪಚಾರದಲ್ಲೇನು ಕಡಿಮೆಯಾಯಿತು?" ಎಂದಿತು ತಟ್ಟೆ.

"ಏನೂ ಇಲ್ಲ ತಾಯಿ, ಅದೇ ತೊಂದರೆ. ಊಟಕ್ಕೆ ಕೊರತೆಯಿಲ್ಲ, ಹಗೆಯೊಬ್ಬನೂ ಇಲ್ಲ. ಮದ್ದು ಯಾರಿಗೆ ಅರೆಯಲಿ, ನಿಮಗೋ?"

ಅಷ್ಟರಲ್ಲಿ ಮುಚ್ಚಳದ ಸಂದಿಯಿಂದ ಬೂಷ್ಟೊಂದು ನುಗ್ಗಿ ಪಾಕಕ್ಕೇ ಬಾಯಿ ಹಾಕಿತು. ಬ್ಯಾಕ್ಟೀರಿಯ ಗಡಿಬಿಡಿಯಲ್ಲಿ ಮದ್ದು ಅರೆದು ಎರಚಿತು. ಬೂಷ್ಟು ಅಲ್ಲೇ ಮುದುರಿ ಬಿತ್ತು.

"ಕಂಡಿರಾ, ನನ್ನ ಸಕ್ಕರೆಯ ಮಹಿಮೆ!" ಎಂದು ತಟ್ಟೆ ಬೀಗಿತು. ಕೂಡಲೇ ಮುಚ್ಚಳದ ಸಂದಿ ಮುಚ್ಚಿಸಿ, ಪಾಕವನ್ನು ಇಮ್ಮಡಿ ಮಾಡಿತು.