ತಿರುಗಿ ಮಲಗಿದ ಬಾಣಂತಿ

"ಗುರುಗಳೇ, ನಾವು ಕೈಹಿಡಿದು ಮೇಲೆತ್ತಿದವರೇ ನಮ್ಮನ್ನು ಮರೆತರೆ ಮನಸ್ಸಿಗೆ ಏನು ಸಮಾಧಾನ ಹೇಳಿಕೊಳ್ಳಬೇಕು?" ಎಂದು ಶಾಂತವೀರ ಕೇಳಿದ.

ಅವನು ಗಡಿಯ ಹಳ್ಳಿಯೊಂದರಲ್ಲಿ ಶಾಲೆ ಕಟ್ಟಿ ನಾಲ್ಕು ವರ್ಷ ನಡೆಸಿಕೊಟ್ಟಿದ್ದ. ಈಗ ಊರವರೇ ಅದನ್ನು ನಡೆಸುತ್ತಿದ್ದರು. ಮೊನ್ನೆ ಅವನು ಅಲ್ಲಿಗೆ ಹೋದಾಗ ಎಲ್ಲರೂ ಕೈಮುಗಿದು ತಮ್ಮ ತಮ್ಮ ಕೆಲಸಕ್ಕೆ ತಿರುಗಿದ್ದರು. ಯಾರೂ ಅವನ ಸಲಹೆ ಕೇಳಿರಲಿಲ್ಲ.

ಗುರು ನಿರ್ವಾಣಯ್ಯನವರು ಅವನಿಗೊಂದು ಕತೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಯಂತ್ರ ಕಟ್ಟುವ ಒಬ್ಬ ಹೆಂಗಸಿದ್ದಳು. ದಣಿದ ಹೃದಯಕ್ಕೆ ಆಸರೆಯಾಗುವ ಪಂಪು ಮಾಡುವುದು ಅವಳ ಕೆಲಸ. ಹೃದಯ ಸೋತು ರಕ್ತ ದೂಡಲಾರದೆ ಹೋದಾಗ ಕೆಲವು ದಿನ ಪಂಪು ಅದರ ಭಾರ ಹೊರಬೇಕು. ಅಷ್ಟರಲ್ಲಿ ಹೃದಯ ಚೇತರಿಸಿಕೊಳ್ಳಬೇಕು. ಎದೆ ಸೀಳದೆ ಅದನ್ನು ಒಳಗೆ ಕಳಿಸಲು ಅವಳು ಹಿಡಿದ ದಾರಿ ತೊಡೆಯ ರಕ್ತನಾಳ. ಅದು ಕಿರುಬೆರಳಿಗಿಂತ ಸಣ್ಣದು.

ಅವಳು ಮೊದಲು ಆ ದಾರಿಗೆ ಹಿಡಿಸುವಷ್ಟು ಸಣ್ಣ ಪಂಪು ಮಾಡಿದಳು. ಸಣ್ಣದಾದ್ದರಿಂದ ಅದು ಹುಚ್ಚು ವೇಗದಲ್ಲಿ ತಿರುಗಬೇಕಾಯಿತು. ಆ ವೇಗಕ್ಕೆ ರಕ್ತದ ಕಣಗಳು ಒಡೆದುಹೋದವು. ದೊಡ್ಡ ಪಂಪು ನಿಧಾನವಾಗಿ ತಿರುಗಿದರೂ ಸಾಕು, ಕಣಗಳು ಉಳಿಯುತ್ತವೆ. ಆದರೆ ದೊಡ್ಡದು ಆ ದಾರಿಯಲ್ಲಿ ಹೋಗದು.

ಒಂದು ಮಧ್ಯಾಹ್ನ ಅವಳು ಮೇಜಿಗೆ ತಲೆಯಾನಿಸಿ ಜೊಂಪಿಗೆ ಜಾರಿದಳು. ಕನಸಿನಲ್ಲಿ ಅವಳೇ ರಕ್ತನಾಳದೊಳಗೆ ನಡೆಯುತ್ತಿದ್ದಳು. ಗೋಡೆಗಳು ಬೆಚ್ಚಗಿದ್ದವು, ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿದ್ದವು. ಸೆರಗನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡು ಅವಳು ಹರಿವಿಗೆ ಎದುರಾಗಿ ಹೋದಳು. ದೂರದಲ್ಲಿ ಏನೋ ಮೆಲ್ಲಗೆ ಬಡಿಯುತ್ತಿತ್ತು. ದಾರಿ ಅಗಲವಾದ ಕಡೆ ಸೆರಗು ತಾನಾಗಿ ಬಿಚ್ಚಿಕೊಂಡು ಕೆಂಪು ನೀರಿನ ಮೇಲೆ ಹರಡಿತು. ಎಚ್ಚರವಾದಾಗಲೂ ಆ ಬಡಿತ ಅವಳ ಕಿವಿಯಲ್ಲಿತ್ತು. ಸುತ್ತಿಕೊಂಡು ಹೋಗಿ ಅಲ್ಲಿ ಅರಳಬೇಕು ಎಂದು ಅವಳಿಗೆ ಹೊಳೆಯಿತು.

ಅವಳು ಮೆತ್ತನೆಯ ಎಲೆಗಳ ಒಂದು ಚಕ್ರ ಮಾಡಿದಳು. ಅದರ ಸುತ್ತ, ಎಷ್ಟು ಅದುಮಿದರೂ ತನ್ನ ಆಕಾರವನ್ನು ಮರೆಯದ ಲೋಹದ ತಂತಿಯ ಬಲೆ ಹೆಣೆದಳು. ಎರಡನ್ನೂ ಮಡಚಿ ತೆಳು ಕೊಳವೆಯೊಳಗೆ ತುಂಬಿದಳು. ಒಬ್ಬ ಮುದುಕನಿಂದ ಗಾಜಿನ ನಾಳ ಊದಿಸಿಕೊಂಡು, ಅದರಲ್ಲಿ ಕೆಂಪು ನೀರು ಹರಿಸಿ, ಪಂಪನ್ನು ಒಳಗೆ ಬಿಟ್ಟಳು. ಕೊಳವೆಯನ್ನು ಹಿಂದಕ್ಕೆ ಸರಿಸಿದ ಕೂಡಲೇ ಪಂಪು ನಿದ್ದೆಯಿಂದ ಎದ್ದಂತೆ ಮೈಬಿಚ್ಚಿತು. ಅದನ್ನು ನೋಡಲು ಜನ ಬಂದರು. ನೋಡಿದವರು ಇನ್ನೊಮ್ಮೆ ತೋರಿಸು ಎಂದರು.

ಒಂದು ದಿನ ಅವಳು ಹೊಸ ನಾಳ ಬೇಕೆಂದು ಮುದುಕನ ಬಳಿಗೆ ಹೋದಳು. ಅವನು ಹಳೆಯದನ್ನು ಬೆಳಕಿಗೆ ಹಿಡಿದ.

"ತಾಯಿ, ಒಳಗೆಲ್ಲ ಗೀರು ಬಿದ್ದಿದೆ. ನಾನು ನಿಂತು ನೋಡಿದ್ದೇನೆ. ಪಂಪು ಒಳಗೆ ಹೋಗುವಾಗ ಒಂದು ಗೆರೆಯೂ ಬೀಳುವುದಿಲ್ಲ. ಎಲ್ಲವೂ ಹೊರಗೆ ಬರುವಾಗ ಬಿದ್ದವು."

"ಗಾಜಲ್ಲವೇ ತಾತ, ಇನ್ನೊಂದು ಊದಿಕೊಡಿ."

"ಊದಿಕೊಡುತ್ತೇನೆ. ಮನುಷ್ಯರ ನಾಳವನ್ನು ಯಾರು ಊದಿಕೊಡುತ್ತಾರೆ?"

ಅವಳು ನಾಳ ತೆಗೆದುಕೊಳ್ಳದೆ ಹಿಂದಿರುಗಿದಳು. ಪಂಪು ಅರಳುವುದನ್ನು ಅವಳು ಸಾವಿರ ಸಲ ನೋಡಿದ್ದಳು. ಮುದುಡುವುದನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಆ ಹೊತ್ತಿಗೆ ಬಂದವರು ಎದ್ದು ಹೋಗಿರುತ್ತಿದ್ದರು. ಅವಳೂ ಯಾವುದೋ ಯೋಚನೆಯಲ್ಲಿ ಅದನ್ನು ಎಳೆದು ಪಕ್ಕಕ್ಕಿಡುತ್ತಿದ್ದಳು.

ಮಡಚಿಕೊಳ್ಳುವುದನ್ನು ಪಂಪಿಗೆ ಕಲಿಸಲು ಅವಳಿಗೆ ಮೂರು ವರ್ಷ ಹಿಡಿಯಿತು. ಬಲೆಯ ತುದಿಗಳನ್ನು ಬಾಗಿಸಿದಳು, ಎಲೆಗಳ ಅಂಚನ್ನು ಮತ್ತೆ ಮತ್ತೆ ತೆಳುವಾಗಿಸಿದಳು. ನೋಡಲು ಬರುತ್ತಿದ್ದವರು ಬರುವುದನ್ನೇ ಬಿಟ್ಟರು. ಮುದುಕನೊಬ್ಬ ಮಾತ್ರ ಆಗಾಗ ಬಂದು ನಾಳವನ್ನು ಬೆಳಕಿಗೆ ಹಿಡಿದು ನೋಡಿ, ಗೀರು ಇನ್ನೂ ಇದೆ ಎಂದು ತಲೆಯಾಡಿಸಿ ಹೋಗುತ್ತಿದ್ದ. ಕೊನೆಗೊಂದು ದಿನ ಅವನು ನಾಳವನ್ನು ಬಹಳ ಹೊತ್ತು ತಿರುಗಿಸಿ ನೋಡಿದ. "ಇದು ಬಳಸಿದ್ದೋ, ಹೊಸದೋ?" ಎಂದು ಕೇಳಿದ. ಅವಳ ಕಣ್ಣು ತುಂಬಿ ಬಂತು.

ಆ ಬಳಿಕ ಪಂಪಿನ ಪರೀಕ್ಷೆಗಳೆಲ್ಲ ಮುಗಿದವು. ಒಂದು ದಿನ ಆಸ್ಪತ್ರೆಗೆ ಒಬ್ಬ ಬಾಣಂತಿಯನ್ನು ತಂದರು. ಹೆತ್ತು ಇಪ್ಪತ್ತು ದಿನವಾಗಿತ್ತು. ಹೃದಯ ಸೋತು ಅವಳ ಉಗುರುಗಳು ನೀಲಿಯಾಗಿದ್ದವು. ವೈದ್ಯರು ತೊಡೆಯ ನಾಳದಿಂದ ಪಂಪನ್ನು ಕಳಿಸಿದರು. ಅದು ಹೃದಯದ ಬಾಯಿಯಲ್ಲಿ ಅರಳಿ ತಿರುಗತೊಡಗಿತು. ತೊಡೆಯಿಂದ ಹೊರಟ ಒಂದು ತಂತಿ ಮಂಚದ ಪಕ್ಕದ ಪೆಟ್ಟಿಗೆಗೆ ಸೇರಿತ್ತು. ಸಂಜೆಯ ಹೊತ್ತಿಗೆ ಉಗುರುಗಳಿಗೆ ಬಣ್ಣ ಬಂತು.

ಯಂತ್ರ ಮಾಡಿದವಳು ದಿನವೂ ಬಂದು ಬಾಗಿಲ ಹೊರಗೆ ಕುಳಿತಳು. ಪೆಟ್ಟಿಗೆಯ ಸಣ್ಣ ಗುಂಯ್‌ಗುಡುವಿಕೆ ಅವಳಿಗೆ ಜೋಗುಳದಂತೆ ಕೇಳುತ್ತಿತ್ತು. ಏಳನೆಯ ದಿನ ವೈದ್ಯರು ಪಂಪಿನ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸತೊಡಗಿದರು.

"ಇನ್ನೂ ಕೆಲವು ದಿನ ಇರಲಿ. ಅದು ಚೆನ್ನಾಗಿ ನಡೆಯುತ್ತಿದೆಯಲ್ಲ," ಎಂದು ಅವಳು ಬೇಡಿಕೊಂಡಳು.

"ಚೆನ್ನಾಗಿಯೇ ನಡೆಯುತ್ತಿದೆ," ಎಂದರು ವೈದ್ಯರು. "ಆದರೆ ಈಗ ಹೃದಯವೂ ನಡೆಯುತ್ತಿದೆ. ಇನ್ನು ಇಟ್ಟರೆ ಇದರ ಸುತ್ತಲೇ ರಕ್ತ ಹೆಪ್ಪುಗಟ್ಟೀತು."

ಒಂಬತ್ತನೆಯ ದಿನ ಪಂಪನ್ನು ನಿಲ್ಲಿಸಿದರು. ಪರದೆಯ ಮೇಲೆ ಅವಳು ನೋಡಿದಳು. ಎಲೆಗಳು ಒಂದರ ಮೇಲೊಂದು ಒರಗಿದವು, ಬಲೆ ಸಣ್ಣದಾಯಿತು, ಕೊಳವೆಯೊಳಗೆ ಜಾರಿತು. ಬಂದ ದಾರಿಯಲ್ಲೇ ಅದು ಹೊರಬಂತು. ನಾಳದ ಗೋಡೆಗೆ ಒಂದು ಗೀರೂ ತಗಲಿರಲಿಲ್ಲ.

ಎರಡು ದಿನ ಬಿಟ್ಟು ಅವಳು ಬಾಣಂತಿಯನ್ನು ನೋಡಲು ಹೋದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು. ಬಾಣಂತಿ ಗೋಡೆಯ ಕಡೆಗೆ ತಿರುಗಿ, ಮಗುವನ್ನು ಎದೆಗವಚಿಕೊಂಡು ಮಲಗಿದ್ದಳು. ಬಾಗಿಲಲ್ಲಿ ನಿಂತವಳಿಗೆ ಅವಳ ಬೆನ್ನು ಮಾತ್ರ ಕಂಡಿತು. ಕಿಟಕಿಯ ಬಿಸಿಲು ಆ ಬೆನ್ನಿನ ಮೇಲೆ ಬಿದ್ದಿತ್ತು. ಯಂತ್ರ ಮಾಡಿದವಳು ಬಹಳ ಹೊತ್ತು ನೋಡುತ್ತ ನಿಂತಳು, ಕರೆಯಲಿಲ್ಲ. ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ, ತನ್ನಷ್ಟಕ್ಕೆ ನಗುತ್ತ ಮೆಟ್ಟಿಲಿಳಿದು ಹೋದಳು.

ನಿರ್ವಾಣಯ್ಯನವರು ಕತೆ ನಿಲ್ಲಿಸಿದರು. ಶಾಂತವೀರನಿಗೆ ತಡೆಯಲಾಗಲಿಲ್ಲ.

"ಬಾಣಂತಿಯ ಜೀವ ಉಳಿಸಿದವಳು ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಅವಳಿಗೆ ಕಂಡದ್ದು ಬರೀ ಬೆನ್ನು. ಅದರಲ್ಲಿ ನಗುವಂಥದ್ದು ಏನಿತ್ತು, ಗುರುಗಳೇ?"

ಗುರುಗಳು ಹೇಳಿದರು:

"ಪಂಪು ಒಳಗಿದ್ದ ಒಂಬತ್ತು ದಿನವೂ ಆ ತಾಯಿ ಕಾಲು ಅಲುಗಿಸದೆ ಅಂಗಾತ ಮಲಗಿದ್ದಳು, ಶಾಂತವೀರ, ಮಗುವಿನ ಕಡೆಗೆ ಅವಳು ಹೊರಳಿದ್ದು ಪಂಪು ಹೊರಗೆ ಬಂದ ಮೇಲೆ."